ಈ ಸಲ ಯುಗಾದಿಗೆ ಬೇವಿನ ಹೂ ಎಲ್ಲಿಂದ ತರುತ್ತೀರಿ?

ಮಾಳಮಡ್ಡಿ ಮನೆಮಗಳು, ಧಾರವಾಡ | 8 ಮಾರ್ಚ್ 2026

ನಮಸ್ಕಾರ್ರಿ ಎಲ್ಲರಿಗೂ. ಹೋಳಿ ಹುಣ್ಣಿಮೆ ಮೊನ್ನೆ ಮುಗಿಯಿತು. ಯುಗಾದಿ ಈ ಸಲ ಬಹಳ ಬೇಗ, ಮಾರ್ಚ್ 19ಕ್ಕೇ ಇದೆ. ನಮ್ಮ ಓಣಿಯ ಬೇವಿನ ಗಿಡಗಳು ಈಗಷ್ಟೇ ಎಲೆ ಉದುರಿಸಿ ಕೆಂಪು ಚಿಗುರು ಬಿಡುತ್ತಿವೆ. ಹೂವಿನ ಸುಳಿವೇ ಇಲ್ಲ.

ನಮ್ಮ ಮನೆ ಮುಂದೆಯೂ ಒಂದು ಬೇವಿನ ಗಿಡ ಇತ್ತು. (ನಮ್ಮ ಕಡೆ ಎಷ್ಟೇ ದೊಡ್ಡ ಮರ ಆದರೂ ಗಿಡ ಅಂತಲೇ ಅನ್ನುತ್ತೇವೆ. ಮನೆ ಮಾಳಿಗೆಗಿಂತ ಎರಡು ಪಟ್ಟು ಎತ್ತರ ಇತ್ತು ಅದು.) ಅವ್ವ ರಾತ್ರಿ ಊಟ ಆದ ಮೇಲೆ ಹಳೇ ಇಳಕಲ್ ಸೀರೆಯೊಂದನ್ನು ಅದರ ಬುಡಕ್ಕೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಇಡುತ್ತಿದ್ದಳು. ಬೆಳಗಾಗುವುದರೊಳಗೆ ಸೀರೆ ಮೇಲೆ ನುಚ್ಚಕ್ಕಿ ಚೆಲ್ಲಿದ ಹಾಗೆ ಹೂ ಬಿದ್ದಿರುತ್ತಿತ್ತು. ಕೊಂಬೆ ಅಲ್ಲಾಡಿಸಲು ಯಾರಿಗೂ ಬಿಡುತ್ತಿರಲಿಲ್ಲ. ಸಣ್ಣವಳಿದ್ದಾಗ ನಾನು ಒಮ್ಮೆ ಕೋಲಿನಿಂದ ಬಡಿದೆ. "ಬಡಿದು ಬೇಡ್ತಾರೇನ ಯಾರಾದ್ರೂ?" ಅಂದಳು. ಅಷ್ಟೇ ಅಂದದ್ದು. ಹೂ ಬಳಿದುಕೊಂಡ ಮೇಲೆ ಬೊಡ್ಡೆಗೆ ಅಂಗೈ ಹಚ್ಚಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಮಂತ್ರ ಇಲ್ಲ, ಆರತಿ ಇಲ್ಲ. ಆಮೇಲೆ ಹೂವನ್ನು ಮೊರದಲ್ಲಿ ಹರಡಿ ನೆರಳಲ್ಲಿ ಒಣಗಿಸಿ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದಳು.

2024ರ ಶ್ರಾವಣದಲ್ಲಿ ಅವ್ವ ತೀರಿಕೊಂಡಳು. ಹೋದ ವರ್ಷ ಗಟಾರ ಅಗಲ ಮಾಡುವಾಗ ಗಿಡವನ್ನೂ ಕಡಿದರು. ಬೆಳಿಗ್ಗೆ ಹತ್ತಕ್ಕೆ ಬಂದರು, ಊಟದ ಹೊತ್ತಿಗೆ ಏನೂ ಉಳಿದಿರಲಿಲ್ಲ. ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದಾಗ ಮನೆ ಬಾಗಿಲಿಗೆ ನೇರ ಬಿಸಿಲು ಬೀಳುತ್ತಿತ್ತು. ಓಣಿ ತಪ್ಪಿ ಬಂದೆನಾ ಅನ್ನಿಸಿತು.

ಈಗ ನನ್ನ ಹತ್ತಿರ ಉಳಿದಿರುವುದು 2024ರಲ್ಲಿ ಅವ್ವ ಕೊನೆಯದಾಗಿ ಆರಿಸಿದ ಹೂ. ಅರ್ಧ ಡಬ್ಬಿ. ಅದನ್ನು ಬಳಸಲಾ, ಇಟ್ಟುಕೊಳ್ಳಲಾ? ಪೇಟೆಯಲ್ಲಿ ಒಣಗಿದ ಹೂವಿನ ಪ್ಯಾಕೆಟ್ ಸಿಗುತ್ತದೆ, ನೋಡಿ ಬಂದೆ. ಕೈ ಮುಂದೆ ಹೋಗಲಿಲ್ಲ. ನಿಮ್ಮ ಮನೆಗಳಲ್ಲಿ ಹೂ ತಡವಾದ ವರ್ಷ ಏನು ಮಾಡುತ್ತೀರಿ?

ಎರೆಹೊಲ, ನವಲಗುಂದ | 8 ಮಾರ್ಚ್

ಅಕ್ಕ, ಓದಿ ಬಹಳ ಹೊತ್ತು ಸುಮ್ನೆ ಕುಳಿತೆ.

ನಮ್ಮ ಕಡೆ ಬಯಲು. ಬಿಸಿಲು ಜಾಸ್ತಿ, ಹೂ ನಿಮಗಿಂತ ಮೊದಲು. ನಮ್ಮ ಹೊಲದ ಬದುವಿನ ಬೇವಿಗೆ ತೆಂಕಣ ದಿಕ್ಕಿನ ಕೊಂಬೆಗಳಲ್ಲಿ ಹೂ ಬಿಟ್ಟಿದೆ, ಉಳಿದ ಕಡೆ ಮೊಗ್ಗಿದೆ. ಕಡಲೆ ಕಿತ್ತು, ಜೋಳ ಕೊಯ್ದು ಹೊಲ ಪೂರ್ತಿ ಖಾಲಿ. ಎರೆಮಣ್ಣು ಬಿರುಕು ಬಿಟ್ಟಿದೆ. ಮೊನ್ನೆ ನನ್ನ ಮಗ ಒಂದು ಬಿರುಕಿನೊಳಗೆ ಮೊಣಕೈವರೆಗೂ ಕೈ ಇಳಿಸಿದ. ಸುತ್ತ ಒಂದು ಹನಿ ನೀರಿಲ್ಲ, ಹಸಿರು ಹುಲ್ಲಿನ ಕಡ್ಡಿ ಇಲ್ಲ. ನಡುವೆ ಈ ಗಿಡ ಒಂದೇ ಚಿಗುರಿ ನಿಂತಿದೆ. ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷ ಇದೊಂದು ಸೋಜಿಗ. ನೀರೇ ಇಲ್ಲದಾಗ ಇದಕ್ಕೆ ಇಷ್ಟು ಚಿಗುರು ಎಲ್ಲಿಂದ ಬರುತ್ತದೆ? ತಿಳಿದವರು ಹೇಳಿ.

ಹೂ ಬೇಕಾದರೆ ಬನ್ನಿ ಅಕ್ಕ. 15ಕ್ಕೆ ಭಾನುವಾರ ಇದೆ.

ಗಿಡಪಾಠದ ಮಾಸ್ತರ, ಧಾರವಾಡ | 9 ಮಾರ್ಚ್

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ, ಈಗ ನಿವೃತ್ತ. ನವಲಗುಂದದವರ ಪ್ರಶ್ನೆ ಚೆನ್ನಾಗಿದೆ.

ಗಿಡ ನೀರು ಕಳೆದುಕೊಳ್ಳುವುದು ಹೆಚ್ಚಾಗಿ ಎಲೆಯಿಂದ. ಹಳೇ ಎಲೆ ಉದುರಿತು ಅಂದರೆ ಆ ಖರ್ಚು ನಿಂತಿತು. ಆಳದ ಬೇರು ಎಳೆದ ಸ್ವಲ್ಪ ನೀರು ಕಾಂಡದಲ್ಲೇ ಉಳಿಯುತ್ತದೆ. ಕಾಂಡ, ಬೇರಿನಲ್ಲಿ ಹಿಂದಿನ ಮಳೆಗಾಲದ ಪಿಷ್ಟ ಕೂಡಿಟ್ಟಿರುತ್ತದೆ. ಈ ಎರಡರ ಮೇಲೆ ಮೊಗ್ಗು ಒಡೆಯುತ್ತದೆ. ಸೂಚನೆ ಕೊಡುವುದು ಮಳೆ ಅಲ್ಲ. ಮಳೆಗಾಲ ಇನ್ನೂ ಸುಮಾರು ಮೂರು ತಿಂಗಳು ದೂರ. ಇಂಥ ಒಣ ಸೀಮೆಯ ಹಲವು ಮರಗಳಿಗೆ ಹಗಲು ಉದ್ದವಾಗುವುದೇ ಸೂಚನೆ. ಮಳೆ ಬಂದಾಗ ಎಲೆ ಬಲಿತು ಕೆಲಸಕ್ಕೆ ಸಿದ್ಧವಾಗಿರುತ್ತದೆ. ಚಿಗುರು ಕೆಂಪಗಿರುವುದೂ ಸುಮ್ನೆ ಅಲ್ಲ. ಹಸಿರು ತುಂಬುವ ಮುಂಚೆ ಎಳೆ ಎಲೆಗೆ ಸುಡು ಬಿಸಿಲು ತಡೆಯುವ ಶಕ್ತಿ ಕಡಿಮೆ. ಆ ಕೆಂಪು ಅದಕ್ಕೆ ಕೊಡೆ ಇದ್ದ ಹಾಗೆ. ಅರಳಿಯ ಚಿಗುರನ್ನು ಈ ವಾರ ಬಿಸಿಲಿಗೆ ಅಡ್ಡ ಹಿಡಿದು ನೋಡಿ, ತಾಮ್ರದ ತಗಡಿನ ಹಾಗೆ ಹೊಳೆಯುತ್ತದೆ.

ಇನ್ನು ತಂಗಿಯ ಪ್ರಶ್ನೆ. ಗಿಡ ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ, ಯುಗಾದಿ ಚಂದ್ರನ ಲೆಕ್ಕದಲ್ಲಿ. ಹನ್ನೆರಡು ಚಾಂದ್ರಮಾನ ತಿಂಗಳು ಅಂದರೆ ಸುಮಾರು 354 ದಿನ. ಹಾಗಾಗಿ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, ಈಗ ಮಾರ್ಚ್ 19. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗುತ್ತಿತ್ತು. ಅದಕ್ಕೇ ಅಧಿಕ ಮಾಸ ಇಟ್ಟಿದ್ದಾರೆ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದರಿಂದ ಮುಂದಿನ ಯುಗಾದಿ ಮತ್ತೆ ಏಪ್ರಿಲ್ 7ಕ್ಕೆ ಬರುತ್ತದೆ, ಬೇವು ತುಂಬಿ ಹೂ ಬಿಟ್ಟಿರುವಾಗ.

ಅಧಿಕ ಮಾಸ ಅಂದರೆ ಅಳಿಯನಿಗೆ ಬಾಗಿನ ಕೊಡುವುದು, ಶುಭಕಾರ್ಯ ನಿಲ್ಲಿಸುವುದು ಅಂತಷ್ಟೇ ನಮಗೆ ಗೊತ್ತು. ನಾನು ಅದನ್ನು ಬೇರೆ ತರಹ ನೋಡುತ್ತೇನೆ. ಹಬ್ಬ ಋತುವನ್ನು ಬಿಟ್ಟು ಮುಂದೆ ಹೋಗಬಾರದು ಅಂತ ಹಿರಿಯರು ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ನಿಂತು ಕಾಯುವ ಏರ್ಪಾಡು ಮಾಡಿದ್ದಾರೆ. ಪಂಚಾಂಗವೇ ಹೂವಿಗಾಗಿ ಕಾಯುತ್ತದೆ, ತಂಗಿ. ಆದ್ದರಿಂದ ಈ ಸಲ ಚಿಗುರು ಹಾಕಿದರೂ ತಪ್ಪಿಲ್ಲ. ನಮ್ಮ ಮನೆಯಲ್ಲಿ ಬೇಗ ಬಂದ ವರ್ಷ ಎಳೆ ಚಿಗುರು, ಮೊಗ್ಗು ಎರಡನ್ನೂ ಹಾಕುತ್ತಿದ್ದರು.

ಹಳೇಹುಬ್ಬಳ್ಳಿ ಹುಡುಗ | 9 ಮಾರ್ಚ್

ಸರ್, ಇದನ್ನು ಓದಿ ನನಗೊಂದು ಹೊಳೆಯಿತು. ನಮ್ಮ ರಂಜಾನ್‌ಗೆ ಅಧಿಕ ಮಾಸ ಇಲ್ಲ. ಅದು ಸುಮಾರು 33 ವರ್ಷಕ್ಕೊಮ್ಮೆ ಎಲ್ಲಾ ಋತು ಸುತ್ತಿ ಬರುತ್ತದೆ. 1992ರಲ್ಲಿ ಯುಗಾದಿ, ರಂಜಾನ್ ಒಟ್ಟಿಗೆ ಬಂದಿದ್ದವು. ನಾನು ಆಗ ಸಣ್ಣವನು. ದರ್ಗಾದ ಅಂಗಳದ ಬೇವಿನ ಹೂ ನಮ್ಮ ಹೊಸ ಟೋಪಿಗಳ ಮೇಲೆ ಉದುರುತ್ತಿತ್ತು. ಆಮೇಲೆ ಎಷ್ಟೋ ವರ್ಷ ಹಬ್ಬದ ದಿನ ಆ ವಾಸನೆ ಇರಲಿಲ್ಲ. ಯಾಕೆ ಅಂತ ಯೋಚಿಸಿರಲಿಲ್ಲ. ಹೋದ ವರ್ಷ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ನಮ್ಮ ಹಬ್ಬ. ನಮಾಜ್‌ಗೆ ಹೋಗುವಾಗ ಅದೇ ವಾಸನೆ ಮೂಗಿಗೆ ಬಂತು. ನನ್ನ ಅಬ್ಬಾ ನೆನಪಾಗಿ ದಾರಿಯಲ್ಲೇ ನಿಂತುಬಿಟ್ಟೆ.

ಆ 30ರ ಸಂಜೆ ಪಕ್ಕದ ಮನೆಯ ಕಾಕಾ, ಕಾಕು, ನಾವು ಎಲ್ಲರೂ ಮಾಳಿಗೆ ಮೇಲೆ ನಿಂತು ಚಂದ್ರನನ್ನು ನೋಡಿದೆವು. ಅವರಿಗೆ ಯುಗಾದಿ ಚಂದ್ರ, ನಮಗೆ ಈದ್ ಚಂದ್ರ.

ಒಂದು ಪ್ರಶ್ನೆ ಇದೆ, ಹುಬ್ಬಳ್ಳಿ | 10 ಮಾರ್ಚ್

ಎಲ್ಲರ ಭಾವನೆಗೂ ಗೌರವ ಇದೆ. ಆದರೂ ಕೇಳಬೇಕು. ಗಿಡಕ್ಕೆ ಕೈ ಮುಗಿಯುವುದರಿಂದ ಗಿಡಕ್ಕೆ ಏನು ಸಿಗುತ್ತದೆ?

ನಾನು ರಜೆ ದಿನ ಗಿಡ ನೆಟ್ಟು ನೀರು ಹಾಕುವವನು. ನಮ್ಮ ಓಣಿಯಲ್ಲಿ ಒಂದು ಅರಳಿಕಟ್ಟೆ ಇದೆ. ದಿನಾ ಪೂಜೆ ಆಗುತ್ತದೆ. ಕಟ್ಟೆಯನ್ನು ಚಂದ ಮಾಡುತ್ತೇವೆ ಅಂತ ಬೊಡ್ಡೆಗೆ ತಾಗುವ ಹಾಗೆ ಕಾಂಕ್ರೀಟ್ ಹಾಕಿ, ಮೇಲೆ ಟೈಲ್ಸ್ ಕೂರಿಸಿದ್ದಾರೆ. ಮಳೆ ನೀರು ಒಳಗೆ ಇಳಿಯುವ ದಾರಿಯೇ ಇಲ್ಲ. ಕಬ್ಬಿಣದ ಜಾಲರಿ ತೊಗಟೆಯೊಳಗೆ ಹುದುಗಿದೆ. ಮೊಳೆ ಹೊಡೆದು ಬೋರ್ಡ್ ಹಾಕಿದ್ದಾರೆ. ಕುಂಕುಮ ಹಚ್ಚುವ ಕೈಗಳೇ ಇದನ್ನೆಲ್ಲ ಮಾಡಿದ್ದು. ಹೋದ ವರ್ಷ ಒಂದು ಕಡೆಯ ಕೊಂಬೆ ಚಿಗುರಲಿಲ್ಲ. ಇಂಥ ಭಕ್ತಿಗಿಂತ ಎರಡು ಕೊಡ ನೀರು ಮೇಲು ಅಂತ ನನಗೆ ಅನ್ನಿಸುತ್ತದೆ. ತಪ್ಪಿದ್ದರೆ ಹೇಳಿ.

ಮಾಳಮಡ್ಡಿ ಮನೆಮಗಳು | 10 ಮಾರ್ಚ್

ತಪ್ಪಿಲ್ಲ ಅಣ್ಣ. ಆ ಅರಳಿಗಾಗಿ ನನಗೂ ಹೊಟ್ಟೆ ಉರಿಯಿತು.

ಆದರೆ ಅವ್ವ ಬೊಡ್ಡೆ ಮುಟ್ಟುತ್ತಿದ್ದಳಲ್ಲ, ಅದರಿಂದ ಅವಳಿಗೆ ಗಿಡದ ಸುದ್ದಿ ಗೊತ್ತಾಗುತ್ತಿತ್ತು. ತೊಗಟೆ ಎಲ್ಲಿ ಬಿರಿದಿದೆ, ಎಲ್ಲಿ ಅಂಟು ಸೋರುತ್ತಿದೆ, ಗೆದ್ದಲು ಎಲ್ಲಿವರೆಗೆ ಹತ್ತಿದೆ, ಎಲ್ಲಾ ಅವಳಿಗೆ ಗೊತ್ತಿತ್ತು. ಗೆದ್ದಲು ಕಂಡರೆ ಅವತ್ತೇ ಕಸಬರಿಗೆಯಿಂದ ಉಜ್ಜಿ ಸುಣ್ಣ ಬಳಿಯುತ್ತಿದ್ದಳು. ಮುಟ್ಟುವುದು, ನೋಡಿಕೊಳ್ಳುವುದು ಅವಳಿಗೆ ಬೇರೆ ಬೇರೆ ಕೆಲಸ ಆಗಿರಲಿಲ್ಲ. ನಿಮ್ಮ ಓಣಿಯಲ್ಲಿ ಜಾಲರಿ ಹಾಕಿದ ಮೇಲೆ ಜನ ಗಿಡವನ್ನು ಮುಟ್ಟುತ್ತಿಲ್ಲ, ಜಾಲರಿಯನ್ನು ಮುಟ್ಟುತ್ತಿದ್ದಾರೆ. ನನಗೆ ತೋಚಿದ್ದು ಇಷ್ಟು.

ಗುಡ್ಡದ ಹಾದಿ, ಗದಗ | 10 ಮಾರ್ಚ್

ಪ್ರಶ್ನೆ ಕೇಳಿದ ಅಣ್ಣನಿಗೆ ನಮ್ಮ ಕಪ್ಪತಗುಡ್ಡದ ಮಾತು ಹೇಳಬೇಕು. "ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು" ಅಂತ ನಮ್ಮಲ್ಲಿ ಮಾತಿದೆ. ಔಷಧಿ ಸಸ್ಯಗಳ ಗುಡ್ಡ. 2015ರಲ್ಲಿ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದರು. ಮರುವರ್ಷವೇ ಅದನ್ನು ಹಿಂದಕ್ಕೆ ಪಡೆದರು. ಗುಡ್ಡದೊಳಗೆ ಚಿನ್ನ, ಕಬ್ಬಿಣದ ಅದಿರು ಇದೆಯಲ್ಲ, ಜನಕ್ಕೆ ಭಯ ಆಯಿತು. ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ರೈತರು, ವಿದ್ಯಾರ್ಥಿಗಳು, ಹೆಣ್ಣುಮಕ್ಕಳು ಗದಗಿನಲ್ಲಿ ಧರಣಿ ಕೂತರು. 2017ರಲ್ಲಿ ಮೀಸಲು ಸ್ಥಾನ ಮರಳಿ ಸಿಕ್ಕಿತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಅದನ್ನು ನೋಡಲು ಅವರು ಇರಲಿಲ್ಲ.

ಅಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗಿಡಗಳ ಶಾಸ್ತ್ರೀಯ ಹೆಸರು ಗೊತ್ತಿತ್ತು? ನನ್ನ ಪಕ್ಕ ಕೂತಿದ್ದ ಒಬ್ಬ ಅಮ್ಮ "ಕಪ್ಪತಮಲ್ಲಯ್ಯನ ಗುಡ್ಡ ಅದು, ನಮ್ಮ ಮನಿದೇವ್ರು" ಅಂದರು, ಅಷ್ಟೇ ಅವರ ಕಾರಣ. ಅಣ್ಣ, ಅಲ್ಲಿ ಭಕ್ತಿ ಗುಡ್ಡವನ್ನು ಉಳಿಸಿದೆ. ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ನಿಮ್ಮ ಮಾತಿನಲ್ಲೂ ಸತ್ಯ ಇದೆ. ಈಗ ಮಾರ್ಚ್. ಬಾದೆ ಹುಲ್ಲು ಒಣಗಿ ನಿಂತಿದೆ. ಒಂದು ಬೀಡಿ ತುಂಡು ಸಾಕು. ಪ್ರತಿ ಬೇಸಿಗೆ ಅಲ್ಲಿ ಬೆಂಕಿಯ ಚಿಂತೆ. ಹೋದ ವಾರ ನಾನು ಡೋಣಿ ಊರಿನ ಕಡೆಯಿಂದ ಗುಡ್ಡ ಹತ್ತಿದೆ. ಸುಟ್ಟು ಕಪ್ಪಾದ ಇಳಿಜಾರಿನಲ್ಲಿ ಒಂದು ಮುತ್ತಲ ಗಿಡ ಮೈತುಂಬಾ ಹೂ ಬಿಟ್ಟಿತ್ತು. ಒಂದೂ ಎಲೆ ಇಲ್ಲ. ಕಿತ್ತಳೆ ಕೆಂಪು ಹೂ, ಕಪ್ಪು ವೆಲ್ವೆಟ್ಟಿನಂಥ ತೊಟ್ಟು. ಸೂರಕ್ಕಿಯೊಂದು ಕೊಕ್ಕು ಹಾಕಿ ಜೇನು ಕುಡಿಯುತ್ತಿತ್ತು. ನಾನು ಚಪ್ಪಲಿ ಬಿಟ್ಟು ನಿಂತೆ. ನೆಲ ಇನ್ನೂ ಬೆಚ್ಚಗಿತ್ತು. ದೇವರ ಗುಡ್ಡ ಅಂತ ನಡೆದುಕೊಳ್ಳುವವರು ಕಡ್ಡಿಪೆಟ್ಟಿಗೆ ಕೆಳಗೇ ಬಿಟ್ಟು ಹತ್ತಿದರೆ ಎಷ್ಟು ಒಳ್ಳೆಯದು.

ದೊಡ್ಡಹುಣಸೆ, ಸವಣೂರು | 11 ಮಾರ್ಚ್

ಹಾವೇರಿ ಜಿಲ್ಲೆಯಿಂದ ನಾನೊಬ್ಬಳು.

ನಮ್ಮೂರಿನ ದೊಡ್ಡ ಹುಣಸೆಮರಗಳು ಎಲ್ಲರಿಗೂ ಗೊತ್ತಲ್ವಾ? ಮೂಲ ಆಫ್ರಿಕಾದ ಬಾವೊಬಾಬ್ ಮರಗಳು ಅವು, ಹುಣಸೆಗೂ ಅವಕ್ಕೂ ಸಂಬಂಧ ಇಲ್ಲ. ಹತ್ತು ಜನ ಕೈ ಹಿಡಿದರೂ ಬುಡ ಸುತ್ತುವುದು ಕಷ್ಟ. ಯುಗಾದಿ ಹೊತ್ತಿಗೆ ಊರಿನ ಎಲ್ಲಾ ಗಿಡ ಚಿಗುರಿದರೂ ಇವು ಬೋಳಾಗಿಯೇ ನಿಂತಿರುತ್ತವೆ. ಬೇರನ್ನು ಮೇಲೆ ಮಾಡಿ ನೆಟ್ಟ ಹಾಗೆ ಕಾಣುತ್ತವೆ. ಇವುಗಳ ವಸಂತ ಮಳೆ ಜೊತೆಗೆ ಬರುತ್ತದೆ.

2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಅವತ್ತು ಊರಿನಲ್ಲಿ ಹಿರಿಯರು ತೀರಿಕೊಂಡ ಹಾಗಿತ್ತು. ಜನ ಬಂದು ಮುಟ್ಟಿ ಮುಟ್ಟಿ ಹೋಗುತ್ತಿದ್ದರು. ಇಷ್ಟು ದೊಡ್ಡದನ್ನು ಮತ್ತೆ ನಿಲ್ಲಿಸಬಹುದು ಅಂತ ನನಗಂತೂ ಅನ್ನಿಸಿರಲಿಲ್ಲ. ಮಠದವರು, ಅರಣ್ಯ ಇಲಾಖೆಯವರು, ಊರವರು ಸೇರಿ ಅದೇ ಜಾಗದಲ್ಲಿ ಎತ್ತಿ ನಿಲ್ಲಿಸಿದರು. ಆಮೇಲೆ ಅದು ಚಿಗುರಿತು! ಒಂದು ತೊಟ್ಟಿಗೆ ಬೆರಳು ಬಿಡಿಸಿದ ಹಾಗೆ ಎಲೆಗಳು, ಅಂಗೈ ತರಹವೇ. ಮೊದಲ ಚಿಗುರು ನೋಡಿದ ದಿನ ನಮ್ಮ ಅತ್ತೆ ಮನೆಗೆ ಬಂದು ಬೆಲ್ಲ ಹಂಚಿದರು. ಮಾಳಮಡ್ಡಿ ಅಕ್ಕ, ನಿಮ್ಮ ಗಿಡಕ್ಕೆ ಆ ಅವಕಾಶ ಯಾರೂ ಕೊಡಲಿಲ್ಲ. ಅದೇ ಸಂಕಟ.

ಆಪೂಸ್ ತೋಟ, ಕೆಲಗೇರಿ | 11 ಮಾರ್ಚ್

ಬೇವಿನ ಚರ್ಚೆಯಲ್ಲಿ ಮಾವಿನ ಮಾತು ಸ್ವಲ್ಪ. ನಮ್ಮ ತೋಟದಲ್ಲಿ ಈಗ ಮಿಡಿ ಗೋಲಿ ಗಾತ್ರ ಇದೆ. ಹೂವಿನ ಒಂದು ಗೊಂಚಲಿನಲ್ಲಿ ಸಾವಿರಕ್ಕೂ ಹೆಚ್ಚು ಹೂ ಇರಬಹುದು, ಕಾಯಿ ನಿಲ್ಲುವುದು ಒಂದೋ ಎರಡೋ. ಹೆಚ್ಚಿನವು ಗಂಡು ಹೂ. ಪರಾಗ ಸಾಗಿಸುವುದು ನೊಣ, ಸಣ್ಣ ಜೇನು. ಹೂ ಅರಳಿರುವಾಗ ಔಷಧಿ ಹೊಡೆದರೆ ಅವೂ ಸಾಯುತ್ತವೆ. ಅಜ್ಜ "ಹೂ ಬಿಟ್ಟ ಗಿಡ ಬಸುರಿ ಇದ್ದಂಗ, ಗದ್ದಲ ಮಾಡಬ್ಯಾಡ್ರಿ" ಅನ್ನುತ್ತಿದ್ದರು. ಮಿಡಿಗೆ ಬೆರಳು ತೋರಿಸಲೂ ಬಿಡುತ್ತಿರಲಿಲ್ಲ. ಕೃಷಿ ವಿಶ್ವವಿದ್ಯಾಲಯದವರ ಸಲಹೆಯಂತೆ ಸಿಂಪಡಣೆಯ ಸಮಯ ಬದಲಿಸಿದ ಮೇಲೆ ಅಜ್ಜನ ಮಾತು ಸರಿಯಾಗಿ ಅರ್ಥ ಆಯಿತು.

ಊರು ಬಿಟ್ಟವಳು | 12 ಮಾರ್ಚ್

ನಾನು ಈಗ ಪುಣೆಯಲ್ಲಿದ್ದೇನೆ. ನಮ್ಮ ಧಾರವಾಡದ ಕುಡಿಯುವ ಬೇವು ಮಾಡುವ ಕ್ರಮ ಯಾರಾದರೂ ಹೇಳುತ್ತೀರಾ? ಇಲ್ಲಿ ಎಲ್ಲರೂ ಬೇವು-ಬೆಲ್ಲ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಗಿಸುತ್ತಾರೆ.

ಮಾಳಮಡ್ಡಿ ಮನೆಮಗಳು | 12 ಮಾರ್ಚ್

ಹುಣಸೆಹಣ್ಣು ನೆನೆಸಿ ಕಿವುಚಿ ಸೋಸಿಕೊಳ್ಳಿ. ಅದಕ್ಕೆ ಹೊಸ ಬೆಲ್ಲ, ಕೈಗೆ ಅಂಟುವಷ್ಟು ಧಾರಾಳ. ಪುಠಾಣಿ ಹಿಟ್ಟು, ಹುರಿದ ಗಸಗಸೆ, ಒಣಕೊಬ್ಬರಿ ತುರಿ, ಗೋಡಂಬಿ, ಒಣದ್ರಾಕ್ಷಿ, ಮಾವಿನಕಾಯಿ ತುರಿ, ಏಲಕ್ಕಿ. ಬೇವಿನ ಹೂ ಕೊನೆಗೆ, ಚಿಟಿಕೆ ಅಷ್ಟೇ. ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕಹಿ ಕಡೆಗೆ, ಗಂಟಲಲ್ಲಿ ಗೊತ್ತಾಗಬೇಕು.

ಎರೆಹೊಲದ ಅಣ್ಣ, ನಾನು ಭಾನುವಾರ ಬರುತ್ತೇನೆ. ಶನಿವಾರ ಸಂಜೆಯೇ ಬರಲಾ? ಸೀರೆ ರಾತ್ರಿ ಹಾಸಬೇಕಲ್ಲ.

ಎರೆಹೊಲ, ನವಲಗುಂದ | 12 ಮಾರ್ಚ್

ಬನ್ನಿ ಅಕ್ಕ. ಮನೆಯವಳು ರೊಟ್ಟಿ ಬಡಿದು ಇಡುತ್ತಾಳೆ.

ಮಾಳಮಡ್ಡಿ ಮನೆಮಗಳು | 19 ಮಾರ್ಚ್

ಎಲ್ಲರಿಗೂ ಯುಗಾದಿ ಶುಭಾಶಯ. ಹೋಗಿ ಬಂದದ್ದು ಬರೆಯುತ್ತೇನೆ.

ಶನಿವಾರ ಸಂಜೆ ಅವ್ವನ ಸೀರೆಯನ್ನು ಬದುವಿನ ಮೇಲೆ ಹಾಸಿದೆವು. ಎರಡು ಕಡೆ ಬಿರುಕಿನ ಮೇಲೇ ಬಂತು, ಅಣ್ಣನ ಮಗ ಹೆಂಟೆ ತಂದು ಮೂಲೆಗೆ ಇಟ್ಟ. ಬೆಳಿಗ್ಗೆ ಐದೂವರೆಗೆ ಹೊಲಕ್ಕೆ ಹೋದಾಗ ಇನ್ನೂ ನಸುಕು. ಗಿಡ ಕಾಣುವ ಮುಂಚೆಯೇ ವಾಸನೆ ಬಂತು. ಸೀರೆ ಮೇಲೆ ಹೂ ಬಹಳ ಇರಲಿಲ್ಲ, ಎರಡು ಬೊಗಸೆ ಆಗಬಹುದು. ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಟಾರ್ಚ್ ಬಿಟ್ಟು ನೋಡಿದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಹೂವನ್ನು ಹೀಗೆ ನೋಡಿರಲಿಲ್ಲ. ಐದು ಬಿಳಿ ದಳ, ಹಿಂದಕ್ಕೆ ಬಾಗಿದ್ದವು. ನಡುವೆ ಒಂದು ಸಣ್ಣ ಕೊಳವೆ. ಒಂದು ಇರುವೆ ಆ ಕೊಳವೆಯೊಳಗೆ ಮುಖ ಹಾಕಿ ನಿಂತಿತ್ತು, ಬೆಳಕು ಬಿದ್ದರೂ ಕದಲಲಿಲ್ಲ.

ಬೊಡ್ಡೆಗೆ ಕೈ ಹಚ್ಚಿದೆ. ಇದು ನಮ್ಮ ಗಿಡ ಅಲ್ಲ, ಏನಾದರೂ ಅನ್ನಿಸುತ್ತದಾ ಅಂತ ಅಳುಕಿತ್ತು. ತೊಗಟೆ ಅದೇ ಒರಟು. ರಾತ್ರಿಯ ತಂಪು ಅದರಲ್ಲಿ ಇನ್ನೂ ಇತ್ತು. ಕೈ ಕಣ್ಣಿಗೆ ಒತ್ತಿಕೊಂಡಾಗ ಅಳು ಬಂತು, ಅತ್ತುಬಿಟ್ಟೆ. ಅಣ್ಣನ ಮನೆಯವರು ಏನೂ ಕೇಳದೆ ಪಕ್ಕದಲ್ಲಿ ನಿಂತರು. ಆಮೇಲೆ ತಾವೂ ಮುಟ್ಟಿದರು.

ಇವತ್ತು ಬೇವು ಮಾಡುವಾಗ ಅವ್ವನ ಡಬ್ಬಿಯಿಂದ ಒಂದು ಚಿಟಿಕೆ, ಹೊಸದರಿಂದ ಒಂದು ಚಿಟಿಕೆ ಹಾಕಿದೆ. ಉಳಿದ ಹೊಸ ಹೂವನ್ನು ಅದೇ ಡಬ್ಬಿಗೆ ತುಂಬಿದೆ.

ಒಂದು ಪ್ರಶ್ನೆ ಇದೆ, ಹುಬ್ಬಳ್ಳಿ | 20 ಮಾರ್ಚ್

ಅಕ್ಕ, ಜಾಲರಿ ಬಗ್ಗೆ ನೀವು ಹೇಳಿದ ಮಾತು ತಲೆಯಲ್ಲೇ ಉಳಿಯಿತು. ಹಬ್ಬಕ್ಕೆ ಅರಳಿಕಟ್ಟೆ ತೊಳೆಯಲು ಓಣಿಯ ಹಿರಿಯರು ಸೇರಿದ್ದರು. ಅಲ್ಲೇ ಮಾತಾಡಿದೆ. ವಾದ ಮಾಡಲಿಲ್ಲ. ಚಿಗುರದ ಕೊಂಬೆ ತೋರಿಸಿದೆ. ಪೂಜೆ ಮಾಡುವ ಅಜ್ಜ ಬಹಳ ಹೊತ್ತು ಅದನ್ನು ನೋಡಿ, "ಒಡೀರಿ" ಅಂದರು. ಬುಡದ ಸುತ್ತ ಎರಡು ಅಡಿ ಟೈಲ್ಸ್, ಕಾಂಕ್ರೀಟ್ ತೆಗೆದೆವು. ಬೇರಿಗೆ ಏಟು ಬೀಳಬಾರದು ಅಂತ ಕೊನೆಯ ಪದರವನ್ನು ಕೈಯಿಂದಲೇ ಬಿಡಿಸಿದೆವು. ಒಳಗಿನ ಮಣ್ಣು ಸಿಮೆಂಟಿನ ಹಾಗೇ ಬಿಳಿಚಿಕೊಂಡಿತ್ತು. ಮೊದಲ ಕೊಡ ಸುರಿದಾಗ ಆ ಅಜ್ಜ ಕೈ ಮುಗಿದರು. ನಾನೂ ಬಗ್ಗಿ ಬೇರು ಮುಟ್ಟಿದೆ. ಜಾಲರಿ ಕೊಯ್ಯಲು ವೆಲ್ಡಿಂಗ್‌ನವನು ಭಾನುವಾರ ಬರುತ್ತಾನೆ.

ಹಳೇಹುಬ್ಬಳ್ಳಿ ಹುಡುಗ | 20 ಮಾರ್ಚ್

ಈಗಷ್ಟೇ ಚಂದ್ರ ಕಂಡಿತು. ನಾಳೆ ಹಬ್ಬ. ಕಾಕು ನಿನ್ನೆ ಬೇವು ಕೊಟ್ಟರು, ನಾಳೆ ನಮ್ಮ ಮನೆಯಿಂದ ಸುರಕುಂಬಾ ಹೋಗುತ್ತದೆ. ದರ್ಗಾದ ಬೇವು ಈ ಸಲ ಮೊಗ್ಗಿನಲ್ಲೇ ಇದೆ.

ಎರೆಹೊಲ, ನವಲಗುಂದ | 21 ಮಾರ್ಚ್

ಅಕ್ಕ, ಮನೆಯವಳು ಒಂದು ಮಾತು ಹೇಳೆಂದಳು. ಜೂನ್ ಕೊನೆಗೆ ಬೇವಿನ ಹಣ್ಣು ಉದುರುತ್ತದೆ. ಬದುವಿನ ಗಿಡದ ಬೀಜ ನಿಮ್ಮ ಮನೆ ಮುಂದೆ ಹಾಕಬಹುದಾ?

ಗಿಡಪಾಠದ ಮಾಸ್ತರ, ಧಾರವಾಡ | 21 ಮಾರ್ಚ್

ಹಾಕಬಹುದು. ಆದರೆ ಬೇವಿನ ಬೀಜ ಬಹಳ ದಿನ ಇಟ್ಟರೆ ಮೊಳೆಯುವುದಿಲ್ಲ, ಎರಡು ವಾರದೊಳಗೆ ಊರಬೇಕು. ಹಳದಿ ಹಣ್ಣು ಆರಿಸಿ, ತಿರುಳು ತೊಳೆದು, ನೆರಳಲ್ಲಿ ಆರಲು ಬಿಡಿ. ಮೊದಲು ಚೀಲದಲ್ಲಿ ಬೆಳೆಸಿ, ಮೊಣಕಾಲೆತ್ತರ ಬಂದ ಮೇಲೆ ನೆಲಕ್ಕೆ. ತಂಗಿ, ಗಟಾರದಿಂದ ಎಷ್ಟು ಜಾಗ ಉಳಿದಿದೆ?

ಮಾಳಮಡ್ಡಿ ಮನೆಮಗಳು | 21 ಮಾರ್ಚ್

ಈಗ ಹೋಗಿ ಅಳೆದು ಬಂದೆ ಸರ್. ನಮ್ಮ ಗೋಡೆಯ ಒಳಗಡೆ ನಾಲ್ಕು ಅಡಿ ಇದೆ. ಸ್ಕೂಟರ್ ನಿಲ್ಲಿಸುವ ಜಾಗ. ಅದನ್ನು ಬೇರೆ ಕಡೆ ನಿಲ್ಲಿಸುತ್ತೇನೆ.